ಬೆಳಗಿನ ನಗು, ಸಂಜೆಯ ಒಡಪು

ಚಪ್ಪಾಳೆ ಕೇಳಿದರೆ ಮೊದಲು ಅದನ್ನು ಹೊಡೆಸಿದವರು ಯಾರು ಎಂದು ನೋಡಿ. ಟಿವಿ ನಿರೂಪಣೆಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಸಲಹೆ ಕೇಳಿದರೆ ನಾನು ಹೇಳುವ ಮೊದಲ ಮಾತು ಇದು. ಅವರಿಗೆ ರುಚಿಸುವುದಿಲ್ಲ. ಮುಖಕ್ಕೆ ಎಷ್ಟು ಬಣ್ಣ, ಕೈ ಎಲ್ಲಿ ಇಟ್ಟುಕೊಳ್ಳಬೇಕು, ಮಾತು ಮರೆತರೆ ಏನು ಮಾಡಬೇಕು, ಇವು ಬೇಕು ಅವರಿಗೆ. ಅವೆಲ್ಲ ತಾನಾಗಿ ಬರುತ್ತವೆ. ಅನುಮಾನ ಮಾತ್ರ ತಾನಾಗಿ ಬರುವುದಿಲ್ಲ, ಕಲಿಯಬೇಕು.

ನಿವೃತ್ತಿಯ ದಿನ ಹಾರ ಹಾಕಿದವರು ನನ್ನ ಪದೋನ್ನತಿಗಳನ್ನೆಲ್ಲ ಒಂದೊಂದಾಗಿ ಓದಿದರು. ನನಗೇ ನಿದ್ದೆ ಬಂತು. ಅವನ್ನು ಇಲ್ಲಿ ಬರೆಯುವುದಿಲ್ಲ. ನಾನು ಎಷ್ಟು ಮಂದಿಯನ್ನು ನಗಿಸಿದೆ ಎಂದೂ ಬರೆಯುವುದಿಲ್ಲ, ಏಕೆಂದರೆ ಅದರಲ್ಲಿ ಎಷ್ಟು ನನ್ನ ಮಾತಿಗೆ ಬಂದ ನಗು, ಎಷ್ಟು ಕತ್ತರಿಸಿ ಅಂಟಿಸಿದ ನಗು ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಊರು ಅಣ್ಣಿಗೇರಿ. ಎಂಬತ್ತರ ದಶಕದಲ್ಲಿ ನಾನು ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಹುಚ್ಚಿನಲ್ಲಿದ್ದ ಹುಡುಗಿ. ಬೆಳಿಗ್ಗೆ ವಿಷಯದ ಪರ, ಮಧ್ಯಾಹ್ನ ಅದೇ ವಿಷಯದ ವಿರೋಧ ಮಾತಾಡಿ ಎರಡೂ ಕಡೆ ಗೆದ್ದು ಬರುತ್ತಿದ್ದೆ. ಹೀಗೆ ಗೆದ್ದವಳು ಯಾವ ಮಾತನ್ನು ನಂಬಿಯಾಳು? ಟಿವಿ ಕೇಂದ್ರದವರು ಸಂದರ್ಶನಕ್ಕೆ ಕರೆದಾಗ, ನಿಲ್ಲಿಸದೆ ಏನಾದರೂ ಮಾತಾಡು ಎಂದರು. ಮಾತಾಡಿದೆ. ಏನು ಹೇಳಿದೆ ಎಂದು ಅವರಲ್ಲಿ ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ನಿಲ್ಲಿಸಲಿಲ್ಲ ಎಂಬುದನ್ನಷ್ಟೇ ನೋಡಿದರು. ಕೆಲಸ ಸಿಕ್ಕಿತು.

ಕಾರ್ಯಕ್ರಮದ ಹೆಸರು ‘ಅಂಗಳದ ಅರ್ಧ ತಾಸು’. ಒಂದೊಂದು ಸಲ ಒಂದೊಂದು ಹಳ್ಳಿ. ಒಗಟು, ಹಾಡು, ಅಣಕು, ಕೊನೆಗೆ ಹೆಣ್ಣುಮಕ್ಕಳ ಒಡಪು. ನಮ್ಮ ಭಾಗದವರಿಗೆ ಒಡಪು ಎಂದರೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಬಾಯಿಬಿಟ್ಟು ಹೇಳುವುದಿಲ್ಲ. ಮನೆಗೆ ಬರುವಾಗ ಗೆಳತಿಯರು ಬಾಗಿಲಿಗೆ ಕೈ ಅಡ್ಡ ಇಟ್ಟು, ಹೆಸರು ಹೇಳಿದರಷ್ಟೇ ಒಳಗೆ ಎನ್ನುತ್ತಾರೆ. ಆಗ ಪ್ರಾಸದ ನಾಲ್ಕು ಸಾಲು ಕಟ್ಟಿ, ಕೊನೆಯ ಸಾಲಿನಲ್ಲಿ ಆ ಹೆಸರನ್ನು ಸೇರಿಸಿ ಹೇಳಿ ಒಳಗೆ ಹೋಗಬೇಕು. ಕಾಲೇಜಿನಲ್ಲಿ ನಾನು ಈ ಪದ್ಧತಿಯ ವಿರುದ್ಧ ಮಾತಾಡಿ ಪಾರಿತೋಷಕ ತಂದವಳು. ಈಗ ಅದನ್ನೇ ಮೈಕು ಹಿಡಿದು ಹೇಳಿಸುವುದು ನನ್ನ ಹೊಟ್ಟೆಪಾಡಾಯಿತು.

ನಮ್ಮ ನಿರ್ಮಾಪಕರು ಶ್ರೀಕಂಠಯ್ಯ, ಬೆಂಗಳೂರಿನವರು. ಒಳ್ಳೆಯ ಮನುಷ್ಯ, ಅದರ ಬಗ್ಗೆಯೂ ನನಗೆ ಆಗಾಗ ಅನುಮಾನ ಬರುತ್ತಿತ್ತು. ಅವರದೊಂದು ಪದ್ಧತಿಯಿತ್ತು. ಕಾರ್ಯಕ್ರಮ ನಡೆಯುವುದು ಬಿಸಿಲು ಇಳಿದ ಮೇಲೆ, ಹೊಲಕ್ಕೆ ಹೋದವರು ಮನೆಗೆ ಬಂದ ಮೇಲೆ. ಅಷ್ಟರಲ್ಲಿ ಬೆಳಕು ಕಡಿಮೆಯಾಗುತ್ತದೆ, ಇದ್ದ ಕ್ಯಾಮೆರಾ ವೇದಿಕೆಗೇ ಬೇಕಾಗುತ್ತದೆ, ಟೇಪು ಉಳಿಸಬೇಕು. ಆದ್ದರಿಂದ ಅವರು ಬೆಳಿಗ್ಗೆಯೇ ಊರ ಹೆಂಗಸರನ್ನು, ಮುದುಕರನ್ನು ಕೂಡಿಸಿ ಮೊದಲು ನಗು, ಚಪ್ಪಾಳೆ ಹಿಡಿಯುತ್ತಿದ್ದರು.

“ಎಲ್ರೂ ನಗಿ ನೋಡೋಣ,” ಎನ್ನುತ್ತಿದ್ದರು.

“ಯಾವುದಕ್ಕ ನಗಬೇಕ್ರಿ?” ಎಂದು ಪ್ರತಿ ಊರಲ್ಲೂ ಯಾರಾದರೂ ಕೇಳಿಯೇ ಕೇಳುತ್ತಿದ್ದರು.

“ಸುಮ್ನೆ ನಗಿ.”

“ಸುಮ್ಮನ ನಗಾಕ ನಮಗೇನು ಹುಚ್ಚ ಹಿಡದೈತೇನ್ರಿ ಸಾಹೇಬರ?”

ಈ ಮಾತಿಗೇ ಎಲ್ಲರೂ ನಗುತ್ತಿದ್ದರು. ಕ್ಯಾಮೆರಾ ಅದನ್ನು ಹಿಡಿಯುತ್ತಿತ್ತು. ಆಮೇಲೆ ಬೇಕಾದ ಕಡೆ ಜೋಡಿಸಿದರೆ ಮುಗಿಯಿತು. ನನ್ನ ಎಷ್ಟೋ ಸಪ್ಪೆ ಮಾತುಗಳಿಗೆ ಬಿದ್ದು ಬಿದ್ದು ನಕ್ಕವರು ಆ ಮಾತನ್ನು ಕೇಳಿಯೇ ಇರಲಿಲ್ಲ.

ಇನ್ನೊಂದು ಪದ್ಧತಿ ನನ್ನದು. ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ ಒಗಟಿನ ಸ್ಪರ್ಧೆಗೆ ಒಬ್ಬ ಹಿರಿಯರು ಬಂದರು. ಯಾವ ಒಗಟು ಹಾಕಿದರೂ ಉತ್ತರ ಸಿದ್ಧ. ನನಗೆ ಕೂಡಲೇ ಸಂಶಯ. ಇವರ ಕಣ್ಣು ನನ್ನ ಮೇಲಿಲ್ಲ, ನನ್ನ ಹೆಗಲಾಚೆಗಿದೆ. ತಿರುಗಿ ನೋಡಿದರೆ, ಅವರ ಅಳಿಯ ನಿಂತು ಸನ್ನೆ ಮಾಡುತ್ತಿದ್ದಾನೆ. ಉತ್ತರ ‘ಕುಡುಗೋಲು’ ಆದರೆ ಗಾಳಿಯಲ್ಲಿ ಜೋಳ ಕೊಯ್ಯುತ್ತಾನೆ, ‘ಬೀಸುಕಲ್ಲು’ ಆದರೆ ಸೊಂಟ ಬಗ್ಗಿಸಿ ಬೀಸುತ್ತಾನೆ. ಊರೆಲ್ಲ ನೋಡಿ ಖುಷಿಪಡುತ್ತಿದೆ. ಸ್ಪರ್ಧೆಗಿಂತ ಅಳಿಯನೇ ಚೆನ್ನಾಗಿದ್ದ. ಆದರೂ ನಾನು ನಿಲ್ಲಿಸಿಬಿಟ್ಟೆ.

“ಹೇಳಿಕೊಡೂದು ನಡಿಯೂದಿಲ್ರಿ,” ಎಂದೆ.

“ಯಾಕ ನಡಿಯೂದಿಲ್ಲ? ಮಾವಗ ಅಳಿಯ ಹೇಳಿಕೊಟ್ರ ನಿನ್ನ ಗಂಟೇನು ಹೋಗತೈತಿ?” ಎಂದರು ಹಿರಿಯರು.

ಅವತ್ತಿನಿಂದ ನಿಯಮ ಮಾಡಿದೆ: ವೇದಿಕೆಯಲ್ಲಿ ಇರುವವರ ಮನೆಯವರು ದೂರ ಕೂಡಬೇಕು, ತುಟಿ ಎರಡು ಮಾಡಬಾರದು. ಶ್ರೀಕಂಠಯ್ಯನವರಿಗೆ ಇದು ಹಿಡಿಸಿತು. “ಪರೀಕ್ಷೆ ಥರ ಕಾಣ್ಸುತ್ತೆ ಕಣಮ್ಮ, ಜನ ಉಸಿರು ಬಿಗಿಹಿಡ್ಕೊಂಡು ನೋಡ್ತಾರೆ,” ಎಂದರು.

ಅವರ ಪದ್ಧತಿ, ನನ್ನ ಪದ್ಧತಿ, ಎರಡೂ ಶಲವಡಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದವು.

ಆ ಊರಲ್ಲಿ ಗಿರಿಜವ್ವ, ಸುಮಿತ್ರಾ ಎಂಬ ಅಕ್ಕ ತಂಗಿ ಒಂದೇ ಮನೆಯ ಸೊಸೆಯರು. ತವರು ಕಲಘಟಗಿ ಸೀಮೆಯ ತಂಬೂರ. ಅಕ್ಕ ಮೊದಲು ಬಂದು, ತನ್ನ ಮೈದುನ ಈರಣ್ಣನಿಗೆ ತಂಗಿಯನ್ನು ತಾನೇ ಮುಂದೆ ನಿಂತು ತಂದುಕೊಂಡಿದ್ದಳು. ಮದುವೆಯಾಗಿ ಇನ್ನೂ ಹೊಸತು. ಸುಮಿತ್ರಾ ಒಡಪು ಹೇಳುತ್ತೇನೆಂದು ತಾನಾಗಿ ಮುಂದೆ ಬಂದಳು. ಅಕ್ಕ ಪಕ್ಕದಲ್ಲೇ ನಿಲ್ಲಲು ಬಂದಾಗ ನಾನು ತಡೆದೆ.

“ನೀವು ಆ ಬೇವಿನ ಗಿಡದ ಬುಡಕ್ಕ ಕೂಡ್ರಿ.”

“ಹೊಸಾಕಿ ಅದಾಳ್ರಿ ಬಾಯಾರ. ಬಾಜುಕ ಯಾರರೆ ನಿಲ್ಲಬೇಕಾಗತೈತಿ. ತಪ್ಪಿದ್ರ ಹಿಡಿಯಾಕ.”

“ತಪ್ಪಿದ್ರ ತಪ್ಪಲಿ. ನಿಯಮ ಎಲ್ಲಾರಿಗೂ ಒಂದ.”

ಗಿರಿಜವ್ವ ಬೇವಿನ ಗಿಡದ ಬುಡಕ್ಕೆ ಹೋದಳು. ಸುಮಿತ್ರಾ ಚೆನ್ನಾಗಿಯೇ ಶುರು ಮಾಡಿದಳು.

“ಎರಿ ಹೊಲದ ಬಿಳಿಜೋಳ ತೆನಿ ತೂಗಿ ಬಾಗ್ಯಾವ,
ಹಾಲಗಾಳು ಕಂಡು ಗಿಳಿ ಹಿಂಡ ಕೂಡಿ ಕೂಗ್ಯಾವ…”

ಮೂರನೆಯ ಸಾಲಿಗೆ ನಿಂತುಬಿಟ್ಟಳು. ತುಟಿ ಅಲುಗುತ್ತಿದೆ, ಮಾತಿಲ್ಲ. ಕಣ್ಣು ಬೇವಿನ ಗಿಡದ ಕಡೆಗೆ. ಅಲ್ಲಿ ಗಿರಿಜವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, ಉಸಿರಾಡದೆ ಕೂತಿದ್ದಳು. ಅವಳು ನಗಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡೆ. ಸುಮಿತ್ರಾ ಮುಖ ಮುಚ್ಚಿಕೊಂಡು ವೇದಿಕೆಯಿಂದ ಇಳಿದಳು. ಏನೋ ಒಂದು ಮಾತಾಡಿ ನಾನು ಮುಂದಿನ ಹೆಂಗಸನ್ನು ಕರೆದೆ.

ಪ್ರಸಾರವಾದ ಸಂಜೆ ನಾನು ಅಣ್ಣಿಗೇರಿಯ ಮನೆಯಲ್ಲಿದ್ದೆ. ಸುಮಿತ್ರಾ ನಿಂತಳು, ತುಟಿ ಅಲುಗಿತು, ಆಮೇಲೆ ಪರದೆಯ ತುಂಬ ಗಿರಿಜವ್ವನ ನಗು. ಬೆಳಿಗ್ಗೆ ಹಿಡಿದದ್ದು. ಎಂಥ ನಗು! ಕಣ್ಣಲ್ಲಿ ನೀರು, ಸೆರಗು ಜಾರಿದ್ದರ ಪರಿವೆಯಿಲ್ಲ, ಪಕ್ಕದವಳ ಹೆಗಲಿಗೆ ಹಣೆ ಹಚ್ಚಿ ನಗುತ್ತಿದ್ದಾಳೆ. ನಮ್ಮ ಕೇಂದ್ರ ಅಂಥ ಇನ್ನೊಂದು ನಗುವನ್ನು ಹಿಡಿದಿರಲಿಲ್ಲ. ನನ್ನ ತಾಯಿ, “ಎಂಥಾಕಿ ಇದ್ದಾಳು ಅಕಿ? ಕೂಸು ಅಳಾಕತ್ರ ನಗತಾಳಲ್ಲ,” ಎಂದಳು.

ಮುಂದಿನ ಸಂತೆಯ ದಿನ ಗಿರಿಜವ್ವನ ಗಂಡ ಬಸಪ್ಪ ಕಾಳಿನ ಪೇಟೆಗೆ ಬಂದವನು ನಮ್ಮ ಮನೆ ಹುಡುಕಿಕೊಂಡು ಬಂದ. ನೀರು ಕೊಟ್ಟರೆ ಮುಟ್ಟಲಿಲ್ಲ.

“ನಿಮ್ಮ ಟಿವಿ ನಮ್ಮ ಮನ್ಯಾಗ ಕೊಳ್ಳಿ ಇಟ್ಟೈತ್ರಿ. ಪಂಚಾಯತಿ ಟಿವಿ ಮುಂದ ಊರಿಗೆ ಊರ ಕೂತಿತ್ತು. ತಂಗಿ ಎದ್ದಾಕಿ ಮುಂಜಾನಿ ಗಾಡಿಗೆ ತಂಬೂರಿಗೆ ಹೋದಳು. ‘ಅಕ್ಕ ನಕ್ಕ ಮನಿಗೆ ನಾ ಬರಂಗಿಲ್ಲ’ ಅಂತಾಳ. ನನ್ನ ತಮ್ಮ ನನ್ನ ಕೂಡ ಮಾತು ಬಿಟ್ಟಾನ. ಬ್ಯಾರೆ ಒಲಿ ಹೂಡೂಣು ಅಂತ ನಿಂತಾನ.”

“ಗಿರಿಜವ್ವ ಏನಂತಾರ?”

“ಅಕಿ ಏನೂ ಅನ್ನೂದಿಲ್ರಿ. ‘ಯಾಕ ನಕ್ಕಿ?’ ಅಂದ್ರ ಕಲ್ಲಾಗಿ ಕೂಡತಾಳ. ತಪ್ಪು ಇಲ್ಲದಾಕಿ ಆದ್ರ ಬಾಯಿ ಬಿಡಬೇಕಲ್ರಿ?”

ನನಗೂ ಹಾಗೇ ಅನಿಸಿತು. ಮೌನವನ್ನು ಚರ್ಚೆಯಲ್ಲಿ ನಾವು ಒಪ್ಪಿಗೆ ಎಂದೇ ಲೆಕ್ಕ ಹಿಡಿಯುತ್ತಿದ್ದೆವು. ಆದರೆ ನಗು ಬೆಳಗಿನದು, ಒಡಪು ಸಂಜೆಯದು. ವಾದ ಸರಳ. ನಾನು ಮೊದಲು ಶ್ರೀಕಂಠಯ್ಯನವರ ಬಳಿ ಹೋದೆ.

“ಮುಂದಿನ ವಾರ ಒಂದು ಮಾತು ಹೇಳಿಬಿಡೋಣ ಸರ್. ಆ ನಗು ಬೇರೆ ಹೊತ್ತಿನದು ಅಂತ.”

“ಒಂದು ನಗು ಬೇರೆ ಹೊತ್ತಿನದು ಅಂತ ಹೇಳಿದ್ರೆ, ಮಿಕ್ಕಿದ್ದೆಲ್ಲ ಯಾವ ಹೊತ್ತಿನದು ಅಂತ ಕೇಳ್ತಾರೆ ಕಣಮ್ಮ. ಏನು ಹೇಳ್ತೀಯಾ?”

“ನಿಜ ಹೇಳೋಣ.”

“ನಿನ್ನ ಚಪ್ಪಾಳೆದೂ ಹೇಳ್ಬೇಕಾಗುತ್ತೆ. ಹೇಳ್ಲಾ?”

ಆ ಕಟ್ಟಡದಲ್ಲಿ ನಾನು ಕೇಳಿದ ಪ್ರಾಮಾಣಿಕ ವಾದ ಅದೊಂದೇ. “ಅಷ್ಟು ಚಂದದ ನಗು. ಬಿಸಾಕೋಕೆ ಮನಸ್ಸು ಬರಲಿಲ್ಲ,” ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು.

ಟಿವಿ ಹೇಳದಿದ್ದರೆ ನಾನೇ ಹೇಳುತ್ತೇನೆಂದು ತಂಬೂರಿಗೆ ಬಸ್ಸು ಹತ್ತಿದೆ. ಸುಮಿತ್ರಾ ತವರಿನ ಹಿತ್ತಲಲ್ಲಿ ಭತ್ತ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ. ನಾನು ಎಲ್ಲ ವಿವರಿಸಿದೆ: ಬೆಳಿಗ್ಗೆ ನಗು ಹಿಡಿಯುವುದು, ಆಮೇಲೆ ಕತ್ತರಿಸುವುದು, ಅಂಟಿಸುವುದು. ನಗುವ ಹೊತ್ತಿಗೆ ನೆರಳು ಬೇವಿನ ಗಿಡದ ಆ ಕಡೆ ಇತ್ತು, ಒಡಪಿನ ಹೊತ್ತಿಗೆ ಈ ಕಡೆ ಇತ್ತು ಎಂದು ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದೆ. ತೀರ್ಪುಗಾರರಿದ್ದರೆ ಗೆದ್ದಿರುತ್ತಿದ್ದೆ.

“ಅಂದ್ರ ಟಿವಿಯಾಗ ತೋರಿಸೂದು ಸುಳ್ಳು,” ಎಂದಳು.

“ಹೌದು.”

“ನೀವು ಟಿವಿಯವ್ರು.”

“ಹೌದು.”

“ಹಂಗಾರ ಈಗ ನೀವು ಹೇಳಾಕತ್ತಿದ್ದು ಖರೇ ಅಂತ ನಾ ಹೆಂಗ ನಂಬಲಿ?”

ಕಾಲೇಜಿನ ಯಾವ ಎದುರಾಳಿಯೂ ನನ್ನನ್ನು ಹೀಗೆ ಮೂಲೆಗೆ ತಳ್ಳಿರಲಿಲ್ಲ. ಅವಳು ಮೊರ ಕೊಡವಿದಳು.

“ಇರಲಿ. ಮುಂಜಾನಿ ನಕ್ಕಳು ಅಂತನ ಇಟಗೊಳ್ಳೂಣು. ಯಾವುದಕ್ಕ ನಕ್ಕಳು?”

“ಯಾವುದಕ್ಕೂ ಅಲ್ಲ. ನಮ್ಮವ್ರು ನಗ್ರಿ ಅಂದ್ರು, ನಕ್ಕರು.”

“ನಮ್ಮಕ್ಕನ್ನ ನಾ ಹುಟ್ಟಿದಾಗಿಂದ ನೋಡೇನ್ರಿ. ಯಾರರೆ ನಗು ಅಂದ್ರ ಅಕಿ ಮಾರಿ ಗಂಟ ಹಾಕ್ಕೊಂತಾಳ. ಕಣ್ಣಾಗ ನೀರು ಬರೂವಂಗ ನಕ್ಕಾಳಂದ್ರ ಏನೋ ಒಂದು ಐತಿ. ನೀವು ಅಕಿನ್ನ ಕೇಳಿರೇನು?”

ಕೇಳಿರಲಿಲ್ಲ. ಸಂಶಯವೇ ಉಸಿರೆಂದು ತಿರುಗುವವಳು, ಕೇಳಲೇಬೇಕಾದವಳನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿದ್ದೆ.

ನಾನು ಎದ್ದು ಹೊರಟಾಗ ಅವಳು ಬೆನ್ನ ಹಿಂದಿನಿಂದ ಅಂದಳು: “ಬಾಯಾರ, ನಿಮ್ಮ ಲಗ್ನ ಆಗೈತೇನ್ರಿ?”

“ಇಲ್ಲ.”

“ಅದಕ್ಕ. ಮಂದಿ ಗಂಡಂದಿರ ಹೆಸರು ಹೇಳಸಾಕ ಬಾಳ ಹುರುಪು ನಿಮಗ.”

ಮರುದಿನ ಶಲವಡಿಗೆ ಹೋದೆ. ಗಿರಿಜವ್ವ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಹೊರಗೆ ಕಟ್ಟೆಯ ಮೇಲೆ. ನಾನು ನೇರವಾಗಿ ಕೇಳಿದೆ, ಅವತ್ತು ಬೆಳಿಗ್ಗೆ ಯಾವುದಕ್ಕೆ ನಕ್ಕಿರಿ ಎಂದು. ರೊಟ್ಟಿ ಬಡಿಯುವ ಸದ್ದು ಜೋರಾಯಿತು, ಅಷ್ಟೇ.

“ನೀವು ಹೇಳದಿದ್ರ ಮಂದಿ ಕೆಟ್ಟದ್ದನ್ನ ತಿಳಕೊಂತಾರ,” ಎಂದೆ.

“ತಿಳಕೊಳ್ಳಲಿ.”

“ತಂಗಿ ಬರೂದಿಲ್ಲ ಅಂತಾಳ.”

ಬಡಿಯುವ ಕೈ ನಿಂತಿತು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಅಂದಳು: “ಹೇಳಿದ್ರ ನಾ ಉಳಿತೀನಿ, ಅಕಿ ಹೋಗತಾಳ. ಈ ಮನ್ಯಾಗ ಹೇಳೂ ಮಾತಲ್ಲ ಅದು.”

ನನ್ನೊಳಗಿನ ಚರ್ಚಾಪಟು ಚುರುಕಾದಳು. ಹಾಗಾದರೆ ತಂಗಿಯದು ಏನೋ ತಪ್ಪಿದೆ. ಏನದು? ನನಗೆ ಹೇಳಿ, ನಾನು ಅವಳಿಗೆ ಮುಟ್ಟಿಸುತ್ತೇನೆ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ನಿಮಗ? ನಿಮ್ಮ ಕೈಯಾಗ ಒಂದು ನಗು ಕೊಟ್ಟಿದ್ದಕ್ಕ ಇಷ್ಟೆಲ್ಲಾ ಆಗೈತಿ. ಮಾತು ಬ್ಯಾರೆ ಕೊಡ್ಲ್ಯಾ?” ಹಿಟ್ಟಿನ ಕೈ ತೊಳೆದುಕೊಂಡಳು. “ಅಕಿಗೆ ಹೇಳತೀನಿ. ನಡೀರಿ, ತಂಬೂರಿಗೆ ಹೋಗೂಣು.”

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕಂಡಕ್ಟರು ನನ್ನನ್ನು ಗುರುತಿಸಿ, “ಏನ್ರಿ ಟಿವಿ ಬಾಯಾರ, ಒಂದು ಜೋಕ್ ಹೊಡೀರಿ,” ಎಂದ. ಗಿರಿಜವ್ವ ತಿರುಗಿ ಅವನನ್ನು ನೋಡಿದ ಪರಿಗೆ ಅವನು ಟಿಕೀಟು ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ.

ಅಕ್ಕನನ್ನು ಕಂಡ ಸುಮಿತ್ರಾ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲು ನೋಡಿದಳು. ಗಿರಿಜವ್ವ ಕಾಲು ಅಡ್ಡ ಇಟ್ಟಳು.

“ಲೇ, ನಾ ನಿನಗ ನಕ್ಕಿಲ್ಲ ಅಂತ ಈ ಬಾಯಾರ ಹೇಳ್ಯಾರೇನು?”

“ಹೇಳ್ಯಾರ. ನೆರಳು ಪರಳು ಅಂತ ನೆಲಾ ಕೆಬರಿ ಹೋಗ್ಯಾರ.”

“ಸುಳ್ಳದು. ನಿನಗ ನಕ್ಕೇನಿ.”

ಎರಡು ಸಲ ಬಸ್ಸು ಹತ್ತಿ ನಾನು ಕಟ್ಟಿದ ವಾದವನ್ನು ಒಂದೇ ಮಾತಿಗೆ ಕೆಡವಿದಳಲ್ಲ!

“ಒಡಪದಾಗ ತಪ್ಪಿದ್ದಕ್ಕಲ್ಲ. ಅದು ಇನ್ನೂ ಆಗೇ ಇರಲಿಲ್ಲ,” ಎಂದು ಗಿರಿಜವ್ವ ಮುಂದುವರಿಸಿದಳು. “ಹಿಂದಿನ ದಿನ ಎಮ್ಮಿ ಹಿಂಡೂ ಮುಂದ ನೀ ಏನ ಮಾಡಿದಿ? ನೆನಪೈತಿ?”

ಸುಮಿತ್ರಾಳ ಕೈ ಬಾಯಿಗೆ ಹೋಯಿತು. “ನೀ… ಅಲ್ಲಿದ್ದೇನು?”

“ಹುಲ್ಲಿನ ಬಣವಿ ಹಿಂದ ಇದ್ದೆ. ಒಡಪ ಬಾಯಿಪಾಠ ಮಾಡಾಕತ್ತಿದ್ದಿ. ಬರೇ ಹೆಸರ ಕಡೆ ಬಂದಾಗ ನಿನಗ ಗಂಟಲ ಕಟ್ಟತಿತ್ತು. ಅದಕ್ಕ ಒಡಪ ಬಿಟ್ಟು, ಬರೇ ಹೆಸರನ ಎಮ್ಮಿಗೆ ಹೇಳಾಕ ನಿಂತಿ. ಈರಣ್ಣ, ಈರಣ್ಣ, ಈರಣ್ಣ ಅಂತ. ಬಾಜೂ ಎತ್ತಿನ ಗ್ವಾದ್ಲಿ ಕಡಿಂದ ಅಂವಾ ‘ಓ, ಬಂದೆ’ ಅಂದ. ಚರಿಗಿ ಹಾಲು ನೆಲಕ್ಕ! ಅತ್ತಿ ಬಂದು ಕೇಳಿದ್ರ ಎಮ್ಮಿ ಒದೀತು ಅಂದಿ. ಎಂದೂ ಒದಿಲಾರದ ಎಮ್ಮಿಗೆ ಅತ್ತಿ ಕಡಿಂದ ಎರಡು ಏಟು ಹೊಡಿಸಿದಿ!”

ಈಗ ನನಗೆ ಎಲ್ಲ ತಿಳಿಯಿತು. ಸೊಸೆ ಗಂಡನನ್ನು ಬರೀ ಹೆಸರಿನಿಂದ ಕೂಗಿದಳು, ಅದೂ ಎಮ್ಮೆಯ ಮುಂದೆ, ಮೇಲೆ ಅತ್ತೆಗೆ ಸುಳ್ಳು ಬೇರೆ. ಆ ಮನೆಯಲ್ಲಿ ಇದು ಹೊರಬಿದ್ದರೆ ಸುಮಿತ್ರಾ ತಲೆ ಎತ್ತುವಂತಿರಲಿಲ್ಲ. ತನ್ನನ್ನು ಬಿಡಿಸಿಕೊಳ್ಳಲು ಅಕ್ಕ ತಂಗಿಯನ್ನು ಒಪ್ಪಿಸಬೇಕಿತ್ತು. ಅದಕ್ಕೆ ಅವಳು ಕಲ್ಲಾಗಿ ಕೂತಿದ್ದಳು.

“ಮುಂಜಾನಿ ಆ ಸಾಹೇಬ ಸುಮ್ಮನ ನಗ್ರಿ ಅಂದ. ನನಗ ಆ ಎಮ್ಮಿ ಮಾರಿ ಕಣ್ಣಿಗೆ ಬಂತು ನೋಡು,” ಎಂದು ಗಿರಿಜವ್ವ ಹೇಳುತ್ತಿದ್ದಂತೆ ಅವಳ ದನಿ ಒಡೆಯಿತು. ನಗುವೋ ಅಳುವೋ ಗೊತ್ತಾಗಲಿಲ್ಲ. “ಸಂಜಿಮುಂದ ನೀ ನಿಂತಾಗ ಮೂರನೇ ಸಾಲು ನನ್ನ ಬಾಯಾಗ ಇತ್ತು. ಇವರು ಹೇಳಬ್ಯಾಡ ಅಂದಿದ್ರು. ಸೆರಗ ಕಚ್ಚಿ ಕೂತಿದ್ದೆ.”

ಸುಮಿತ್ರಾ ನನ್ನ ಕಡೆ ನೋಡಲಿಲ್ಲ. ಅಕ್ಕನ ಕಡೆ ನೋಡಿದಳು. “ಎಮ್ಮಿಗೆ ಎರಡಲ್ಲಬೇ, ಮೂರು ಬಿದ್ದುವು,” ಎಂದಳು. ಇಬ್ಬರೂ ಬಾಗಿಲಲ್ಲೇ ಕುಸಿದು ಕೂತು ನಕ್ಕರು. ನಾನು ಕಲಘಟಗಿಯ ಬಸ್ಸಿನ ವೇಳೆ ಕೇಳುವ ನೆಪದಲ್ಲಿ ಬೀದಿಗೆ ಹೋದೆ.

ಆಮೇಲಿನ ವರ್ಷಗಳಲ್ಲಿ ಬೆಳಗಿನ ನಗು ಹಿಡಿಯಲು ನಾನು ಒಪ್ಪಲಿಲ್ಲ. ಶ್ರೀಕಂಠಯ್ಯನವರು ಸಿಡುಕಿದರು, ಅವರ ಮುಂದಿನವರೂ ಸಿಡುಕಿದರು. ಆಮೇಲೆ ಬಂದವರು ನಗುವನ್ನು ಯಂತ್ರದಲ್ಲಿಟ್ಟುಕೊಂಡು ಗುಂಡಿ ಒತ್ತತೊಡಗಿದರು; ನನ್ನ ಒಪ್ಪಿಗೆಯೇ ಬೇಕಾಗಲಿಲ್ಲ. ಆದರೆ ದೂರ ಕೂಡಿಸುವ ನನ್ನ ನಿಯಮವನ್ನು ಒಗಟಿಗೆ ಮಾತ್ರ ಉಳಿಸಿಕೊಂಡೆ. ಆ ಅಳಿಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಒಡಪಿಗೆ ತೆಗೆದುಹಾಕಿದೆ. ಯಾಕೆಂದು ಹೇಳಲು ಆ ದಿನದ ಕೊನೆಯನ್ನೂ ಹೇಳಬೇಕು.

ಸುಮಿತ್ರಾಳನ್ನು ಕರೆದುಕೊಂಡು ಮೂವರೂ ಶಲವಡಿಗೆ ಬಂದಾಗ ಇನ್ನೂ ಬಿಸಿಲಿತ್ತು. ಗಿರಿಜವ್ವ ಮೊದಲು ಒಳಗೆ ಹೋಗಿ, ತಿರುಗಿ, ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟಳು. ಓಣಿಯ ಹೆಂಗಸರು ಕೂಡಿದರು. ಅತ್ತೆಯೂ ಎದ್ದು ನಿಂತಳು. ಈರಣ್ಣ ಕೊಟ್ಟಿಗೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡ. ಸುಮಿತ್ರಾ ತಲೆಬಗ್ಗಿಸಿ ಶುರು ಮಾಡಿದಳು. ಮೂರನೆಯ ಸಾಲಿಗೆ ಮತ್ತೆ ತಡವರಿಸಿದಳು. ಗಿರಿಜವ್ವ ಮುಂದೆ ಬಾಗಿ ಅವಳ ಕಿವಿಯಲ್ಲಿ ಏನೋ ಅಂದಳು, ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ. ಯಾರೂ ಅದನ್ನು ಮೋಸ ಎನ್ನಲಿಲ್ಲ.

“ಕವಣಿ ಬೀಸಿ ಗಿಳಿ ಓಡಿಸಿ ಅಟ್ಟದ ಮ್ಯಾಲ ನಿಂತಾರ,
ಊರ ಮಂದಿ ಅವರಿಗೆ ಈರಣ್ಣ ಅಂತಾರ.”

ಕೈ ಸರಿಯಿತು, ಸುಮಿತ್ರಾ ಒಳಗೆ ಹೋದಳು. ನಾನು ಹಿಂದೆ ಹೆಜ್ಜೆ ಇಟ್ಟರೆ ಕೈ ಮತ್ತೆ ಅಡ್ಡ ಬಂತು.

“ನೀವೂ ಹೇಳ್ರಿ.”

“ನನಗ ಗಂಡ ಇಲ್ಲ. ನನ್ನ ಕೇಳೂದು ನಿಯಮದಾಗ ಬರೂದಿಲ್ಲ,” ಎಂದೆ.

“ನಿಮ್ಮ ನಿಯಮ ಬೇವಿನ ಗಿಡದ ಬುಡಕ್ಕ ಕುಂದರ್ಲಿ. ಗಂಡ ಇಲ್ಲದಿದ್ರ ನಿಮ್ಮ ಊರಿನ ಹೆಸರ ಹೇಳ್ರಿ.”

ಬಾಯಿ ತೆರೆದೆ. ಕಾಗದವಿಲ್ಲದೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ ಎಂದು ನೌಕರಿ ಸಿಕ್ಕವಳು. ಅಣ್ಣಿಗೇರಿ ಎಂಬ ಹೆಸರಿಗೆ ಒಂದು ಪ್ರಾಸ ಹೊಳೆಯಲಿಲ್ಲ. ತುಟಿ ಅಲುಗಿತು, ಮಾತಿಲ್ಲ. ಹೆಂಗಸರು ನಗತೊಡಗಿದರು. ಆ ನಗು ಯಾವುದಕ್ಕೆ ಎಂದು ಅನುಮಾನಿಸಲು ಜಾಗವೇ ಇರಲಿಲ್ಲ. ಅದು ನನಗೇ, ಆ ಹೊತ್ತಿಗೇ.

ಒಳಗಿನಿಂದ ಸುಮಿತ್ರಾ ತಿರುಗಿ ಬಂದಳು. ಅಕ್ಕನ ತೋಳಿನ ಕೆಳಗಿನಿಂದ ತಲೆ ಹೊರಗೆ ಹಾಕಿ, ನನ್ನ ಕಿವಿಯಲ್ಲಿ ಮೊದಲ ಸಾಲು ಉಸುರಿದಳು. ಹೇಳಿಕೊಡೂದು ನಡಿಯೂದಿಲ್ರಿ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿ, ಅವಳು ಕೊಟ್ಟ ಸಾಲನ್ನು ಹೇಳಿದೆ.